ಸೆಕೆಂಡ್ ಹ್ಯಾಂಡ್ ಫೋನ್: ದುಡ್ಡು ಕೊಡುವ ಮುಂಚಿನ ಒಂದು ಗಂಟೆ

ವಾರಕ್ಕೆ ಒಬ್ಬರಾದರೂ ನನಗೆ ಎರಡು ಫೋಟೋ ಕಳಿಸುತ್ತಾರೆ. ಫೋನಿನ ಮುಂದುಗಡೆ ಒಂದು, ಹಿಂದುಗಡೆ ಒಂದು, ಕೆಳಗೆ ರೇಟು. ಜೊತೆಗೆ ಒಂದೇ ಪ್ರಶ್ನೆ: "ತಗೋಬಹುದಾ?" ಫೋಟೋ ನೋಡಿ ಹೌದು ಅಂತಲೂ ಹೇಳಲು ಆಗುವುದಿಲ್ಲ, ಬೇಡ ಅಂತಲೂ ಹೇಳಲು ಆಗುವುದಿಲ್ಲ. ಫೋನ್ ಕೈಯಲ್ಲಿ ಹಿಡಿದು ಒಂದು ಗಂಟೆ ಕೂತರೆ ಮಾತ್ರ ಗೊತ್ತಾಗುತ್ತದೆ. ಆ ಒಂದು ಗಂಟೆಯಲ್ಲಿ ನಾನು ಏನೇನು ಮಾಡುತ್ತೇನೆ ಅಂತ ಇಲ್ಲಿ ಪೂರ್ತಿ ಬರೆದಿದ್ದೇನೆ.

ನಾನು ಇದನ್ನೆಲ್ಲ ಕಲಿತದ್ದು ಪೆಟ್ಟು ತಿಂದು. 2021ರಲ್ಲಿ ತಂಗಿಯ ಆನ್‌ಲೈನ್ ಕ್ಲಾಸಿಗೆ ಅಂತ ತುಮಕೂರು ಬಸ್ ಸ್ಟ್ಯಾಂಡ್ ಹತ್ತಿರ ಒಂದು ಫೋನ್ ತಗೊಂಡೆ. ಪರಿಚಯದವರ ಪರಿಚಯದ ಹುಡುಗ, ಎಂಟೂವರೆ ಸಾವಿರ ರೂಪಾಯಿ. ಒಂದು ಗೀರಿಲ್ಲ, ಡಬ್ಬ ಇದೆ, ಚಾರ್ಜರ್ ಇದೆ. ಐದು ನಿಮಿಷ ನೋಡಿ ದುಡ್ಡು ಕೊಟ್ಟುಬಿಟ್ಟೆ. ಒಂದೂವರೆ ತಿಂಗಳು ಚೆನ್ನಾಗಿಯೇ ಇತ್ತು. ಒಂದು ದಿನ ಬೆಳಗ್ಗೆ ನೋಡಿದರೆ ಕಂತು ಬಾಕಿ ಇದೆ ಅಂತ ಸ್ಕ್ರೀನ್ ತುಂಬಾ ಬರಹ, ಫೋನ್ ಲಾಕ್. ಹುಡುಗ ಇಎಂಐ ಮೇಲೆ ತಗೊಂಡು, ಎರಡು ಕಂತು ಕಟ್ಟಿ, ನನಗೆ ಮಾರಿದ್ದ. ಅವನ ನಂಬರ್ ಸ್ವಿಚ್ ಆಫ್. ಅದೇ ವಾರ ತಂಗಿಗೆ ಇಂಟರ್ನಲ್ಸ್ ಇತ್ತು, ಪಕ್ಕದ ಮನೆಯವರ ಫೋನ್ ಕೇಳಿಕೊಂಡು ಬರೆದಳು. ದುಡ್ಡು ಹೋದದ್ದಕ್ಕಿಂತ ಅದೇ ನನಗೆ ಜಾಸ್ತಿ ನೋವಾದದ್ದು.

ಆವತ್ತು ನಾನು ಮಾಡಿದ ತಪ್ಪು ಏನು ಗೊತ್ತಾ? ಫೋನ್ ಹೇಗಿದೆ ಅಂತ ನೋಡಿದೆ. ಫೋನ್ ಯಾರದ್ದು ಅಂತ ನೋಡಲಿಲ್ಲ. ಹೆಚ್ಚಿನವರು ಮಾಡುವುದೂ ಇದನ್ನೇ. ಗಾಜು ಒಡೆದಿದ್ದರೆ ಹಾಕಿಸಬಹುದು, ಬ್ಯಾಟರಿ ಹೋಗಿದ್ದರೆ ಬದಲಾಯಿಸಬಹುದು, ಫೋನ್ ಇನ್ನೊಬ್ಬರದ್ದಾಗಿದ್ದರೆ ನಾವು ಏನೂ ಮಾಡಲು ಬರುವುದಿಲ್ಲ. ಅದಕ್ಕೇ ಮೊದಲು ಯಾರದ್ದು, ಆಮೇಲೆ ಹೇಗಿದೆ. ಈ ಕ್ರಮ ಮಾತ್ರ ತಪ್ಪಿಸಬೇಡಿ.

ಹೊರಡುವ ಮುಂಚೆ

ಮೊದಲು ರೇಟು. ಅದೇ ಫೋನ್ ಇವತ್ತು ಹೊಸದು ಎಷ್ಟಕ್ಕೆ ಸಿಗುತ್ತಿದೆ ಅಂತ ನೋಡಿ. ಅವರು ತಗೊಂಡಾಗಿನ ರೇಟು ನಮಗೆ ಬೇಡ. "ಮೂವತ್ತು ಸಾವಿರದ ಫೋನ್ ಸಾರ್, ಹದಿನೆಂಟಕ್ಕೆ ಕೊಡ್ತಿದೀನಿ" ಅಂತಾರೆ, ಆದರೆ ಅದೇ ಫೋನ್ ದಸರಾ ದೀಪಾವಳಿ ಸೇಲಿನಲ್ಲಿ ಹೊಸದೇ ಇಪ್ಪತ್ತೊಂದಕ್ಕೆ ಬಂದಿರುತ್ತದೆ. ಹೊಸದರ ಈಗಿನ ರೇಟಿನಲ್ಲಿ ನೂರಕ್ಕೆ ಅರವತ್ತು ದಾಟಿದರೆ ನಾನು ಮುಂದಕ್ಕೆ ಮಾತೇ ಆಡುವುದಿಲ್ಲ. ಇದು ನನ್ನ ಲೆಕ್ಕ, ನಿಮ್ಮದು ಬೇರೆ ಇರಬಹುದು. ಆದರೆ ವಾರಂಟಿ ಇಲ್ಲದ ವಸ್ತುವಿಗೆ ಅದಕ್ಕಿಂತ ಜಾಸ್ತಿ ಕೊಡುವುದು ನನಗೆ ಸರಿ ಅನ್ನಿಸುವುದಿಲ್ಲ. ತೀರಾ ಕಡಿಮೆ ರೇಟು ಹೇಳಿದರೂ ಹುಷಾರು. ಐವತ್ತು ಸಾವಿರದ ಫೋನನ್ನು ಯಾರೂ ಸುಮ್ನೆ ಹತ್ತು ಸಾವಿರಕ್ಕೆ ಕೊಡುವುದಿಲ್ಲ, ಅಲ್ವಾ?

ಹೋಗುವಾಗ ನಿಮ್ಮ ಸಿಮ್, ಸಿಮ್ ತೆಗೆಯುವ ಪಿನ್, ಒಂದು ಚಾರ್ಜರ್, ಒಂದು ಇಯರ್‌ಫೋನ್ ತಗೊಂಡು ಹೋಗಿ. ನಿಮ್ಮ ಈಗಿನ ಫೋನಿನಲ್ಲಿ ಹಾಟ್‌ಸ್ಪಾಟ್ ಹಾಕುವಷ್ಟು ಡೇಟಾ ಇರಲಿ. ಹಗಲು ಹೊತ್ತಿನಲ್ಲೇ ಹೋಗಿ. ಬೆಂಗಳೂರಿನಲ್ಲಾದರೆ ಮೆಟ್ರೋ ಸ್ಟೇಷನ್ ಹತ್ತಿರದ ಹೋಟೆಲ್, ಊರಲ್ಲಾದರೆ ಗೊತ್ತಿರುವ ಅಂಗಡಿ, ಒಟ್ಟಿನಲ್ಲಿ ಜನ ಇರುವ, ಕೂರಲು ಜಾಗ ಇರುವ ಕಡೆ ಕರೆಯಿರಿ. ಗಾಡಿ ನಿಲ್ಲಿಸಿಕೊಂಡು ರಸ್ತೆ ಬದಿಯಲ್ಲಿ ನಿಂತು ನೋಡಿದರೆ ಅರ್ಧ ಪರೀಕ್ಷೆ ಆಗುವುದೇ ಇಲ್ಲ. ಒಂದು ಗಂಟೆ ಬೇಕಾಗುತ್ತದೆ ಅಂತ ಮಾರುವವರಿಗೆ ಮೊದಲೇ ಹೇಳಿಬಿಡಿ. ಒಪ್ಪದಿದ್ದರೆ ಬಿಟ್ಟುಬಿಡಿ, ಫೋನ್ ಬೇರೆ ಸಿಗುತ್ತದೆ.

ಬೆಂಗಳೂರಿನ ಎಸ್‌ಪಿ ರೋಡ್, ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ ಕಡೆ ಅಂಗಡಿಯಲ್ಲಿ ತಗೊಳ್ಳುವವರಿಗೂ ಇದೇ ಮಾತು. ಅಂಗಡಿ ಇದೆ ಅಂದಮೇಲೆ ನಾಳೆ ಹೋಗಿ ಕೇಳಬಹುದು, ಅದು ಒಳ್ಳೆಯದೇ. ಆದರೆ ಅಂಗಡಿಯವರಿಗೂ ಫೋನ್ ಯಾರೋ ತಂದು ಕೊಟ್ಟದ್ದು. ಎಲ್ಲವನ್ನೂ ಅವರು ಚೆಕ್ ಮಾಡಿರುತ್ತಾರೆ ಅಂದುಕೊಳ್ಳಬೇಡಿ.

ಫೋನ್ ಯಾರದ್ದು?

ಫೋನ್ ಕೈಗೆ ಬಂದ ತಕ್ಷಣ ಕ್ಯಾಮೆರಾ ತೆರೆಯಬೇಡಿ. ಡಯಲ್ ಮಾಡುವ ಜಾಗದಲ್ಲಿ *#06# ಒತ್ತಿ. 15 ಅಂಕಿಯ ಐಎಂಇಐ ನಂಬರ್, ಅಂದರೆ ಆ ಫೋನಿನ ಗುರುತಿನ ನಂಬರ್ ಬರುತ್ತದೆ. ಎರಡು ಸಿಮ್ ಫೋನಾದರೆ ಎರಡು ನಂಬರ್ ಇರುತ್ತವೆ, ಎರಡನ್ನೂ ಬರೆದುಕೊಳ್ಳಿ. ಆಮೇಲೆ ಡಬ್ಬದ ಮೇಲಿನ ನಂಬರ್, ಬಿಲ್ಲಿನ ಮೇಲಿನ ನಂಬರ್ ಇದಕ್ಕೆ ತಾಳೆ ನೋಡಿ. ಕೊನೆಯ ನಾಲ್ಕು ಅಂಕಿ ಮಾತ್ರ ನೋಡಿ ಬಿಡಬೇಡಿ, ಹದಿನೈದನ್ನೂ ಓದಿ. ಡಬ್ಬ ಒಂದು ಫೋನಿನದು, ಒಳಗಿನ ಫೋನ್ ಇನ್ನೊಂದು, ಹೀಗೆ ಎಷ್ಟೋ ಸಲ ಆಗಿದೆ.

ಮುಂದಿನದು ಕೇಂದ್ರ ಸರ್ಕಾರದ ಸಂಚಾರ್ ಸಾಥಿ, ಐಎಂಇಐ ಕೊಟ್ಟು ಫೋನ್ ಸರಿಯಾದದ್ದಾ ಅಂತ ನೋಡುವ ಸೇವೆ. 2023ರ ಮೇ ತಿಂಗಳಲ್ಲಿ ಇದರ ವೆಬ್‌ಸೈಟ್ ಬಂತು, 2025ರ ಜನವರಿಯಲ್ಲಿ ಆ್ಯಪ್ ಕೂಡ ಬಂತು. ಇಷ್ಟು ಉಪಯೋಗದ್ದು ಇದ್ದರೂ ನಮ್ಮಲ್ಲಿ ಬಹಳ ಜನ ಒಂದು ಸಲವೂ ತೆರೆದು ನೋಡಿಲ್ಲ ಅನ್ನುವುದೇ ನನಗೆ ಬೇಜಾರು. ಇಂಟರ್ನೆಟ್ ಕೂಡ ಬೇಕಾಗಿಲ್ಲ. ನಿಮ್ಮ ಫೋನಿನಿಂದ ಒಂದು ಎಸ್‌ಎಂಎಸ್ ಸಾಕು. ಇಂಗ್ಲಿಷ್ ಅಕ್ಷರದಲ್ಲಿ ಕೆ, ವೈ, ಎಂ ಅಂತ ಮೂರು ಅಕ್ಷರ ಬರೆದು, ಒಂದು ಜಾಗ ಬಿಟ್ಟು, ಆ 15 ಅಂಕಿ ಬರೆದು 14422ಕ್ಕೆ ಕಳಿಸಿ. ಆ ನಂಬರ್ ಯಾವ ಕಂಪನಿಯ ಯಾವ ಮಾಡೆಲ್ಲಿನದು ಅಂತ ಉತ್ತರ ಬರುತ್ತದೆ. ಉತ್ತರದಲ್ಲಿ ಬಂದ ಮಾಡೆಲ್ಲೇ ಬೇರೆ, ಕೈಯಲ್ಲಿರುವ ಫೋನೇ ಬೇರೆ ಆದರೆ ನಂಬರ್ ತಿದ್ದಿದ್ದಾರೆ ಅಂತಲೇ ತಿಳಿಯಿರಿ. ಬ್ಲ್ಯಾಕ್‌ಲಿಸ್ಟ್ ಅಂತಲೋ ಡೂಪ್ಲಿಕೇಟ್ ಅಂತಲೋ ಬಂದರೆ ವಾದ ಮಾಡಬೇಡಿ, ಫೋನ್ ಕೊಟ್ಟು ಎದ್ದು ಬನ್ನಿ. ಐಎಂಇಐ ತಿದ್ದುವುದು 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅಪರಾಧ, ಮೂರು ವರ್ಷದವರೆಗೆ ಜೈಲು ಇದೆ.

ಫೋನ್ ಕಳೆದುಕೊಂಡವರು ಪೊಲೀಸ್ ದೂರು ಕೊಟ್ಟು ಅದರ ಐಎಂಇಐ ಅನ್ನು ಸಿಇಐಆರ್ ಅನ್ನುವ ದೇಶದ ಒಂದೇ ಪಟ್ಟಿಯಲ್ಲಿ ಬ್ಲಾಕ್ ಮಾಡಿಸುತ್ತಾರೆ. ಆಮೇಲೆ ಯಾವ ಕಂಪನಿಯ ಸಿಮ್ ಹಾಕಿದರೂ ಆ ಫೋನಿಗೆ ನೆಟ್‌ವರ್ಕ್ ಸಿಗುವುದಿಲ್ಲ. ಯಾರಾದರೂ ಸಿಮ್ ಹಾಕಿದರೆ ಪೊಲೀಸರಿಗೆ ಸುಳಿವೂ ಸಿಗುತ್ತದೆ. ಪತ್ತೆಯಾದ ಫೋನುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ ಮಾಲೀಕರಿಗೆ ವಾಪಸ್ ಕೊಡುವ ಫೋಟೋ ಪೇಪರಿನಲ್ಲಿ ನೋಡಿರುತ್ತೀರಿ. ಮಾಲೀಕರ ಮುಖದಲ್ಲಿ ಖುಷಿ ಕಾಣುತ್ತದೆ. ಆದರೆ ನಡುವೆ ಅದನ್ನು ಗೊತ್ತಿಲ್ಲದೆ ದುಡ್ಡು ಕೊಟ್ಟು ತಗೊಂಡವರು ಫೋಟೋದಲ್ಲಿ ಇರುವುದಿಲ್ಲ. ಅವರಿಗೆ ಫೋನೂ ಇಲ್ಲ, ದುಡ್ಡೂ ಇಲ್ಲ, ಮೇಲೆ ಸ್ಟೇಷನ್ನಿಗೆ ಓಡಾಟ ಬೇರೆ. ಕದ್ದ ಮಾಲು ಅಂತ ಗೊತ್ತಿದ್ದೂ ತಗೊಂಡರೆ ಅದು ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ನಿನ ಕೆಳಗೆ ಬರುತ್ತದೆ. ನಮಗೆ ಗೊತ್ತಿರಲಿಲ್ಲ ಅಂತ ತೋರಿಸಲು ಬಿಲ್ಲಾದರೂ ಕೈಯಲ್ಲಿ ಇರಬೇಕು. ಬಿಲ್ ಇಲ್ಲದ ಫೋನ್ ನಾನು ತಗೊಳ್ಳುವುದಿಲ್ಲ, ಎಷ್ಟೇ ಒಳ್ಳೆಯ ರೇಟು ಇರಲಿ.

ಈಗ ಕಂತಿನ ವಿಷಯ. ಕಂತು ಬಾಕಿ ಇರುವ ಫೋನನ್ನು ಸಿಇಐಆರ್ ಹಿಡಿದುಕೊಡುವುದಿಲ್ಲ, ಯಾಕೆಂದರೆ ಅದು ಕಳೆದದ್ದೂ ಅಲ್ಲ, ಕದ್ದದ್ದೂ ಅಲ್ಲ. ಇದನ್ನು ನಾವೇ ಹುಡುಕಬೇಕು. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್ ತೆರೆದು, ಮೇಲಿನ ಹುಡುಕುವ ಜಾಗದಲ್ಲಿ ಡಿವೈಸ್ ಅಡ್ಮಿನ್ ಅಂತ ಬರೆಯಿರಿ. ಫೋನನ್ನು ಹಿಡಿತದಲ್ಲಿ ಇಟ್ಟುಕೊಳ್ಳುವ ಅಧಿಕಾರ ಇರುವ ಆ್ಯಪ್‌ಗಳ ಪಟ್ಟಿ ಬರುತ್ತದೆ. ಅದರಲ್ಲಿ ಕಳೆದ ಫೋನ್ ಹುಡುಕುವ ಫೈಂಡ್ ಹಬ್ (ಹಳೆಯ ಹೆಸರು ಫೈಂಡ್ ಮೈ ಡಿವೈಸ್) ತರಹದ ಒಂದೆರಡು ಇರುವುದು ಸಹಜ. ಆಫ್ ಮಾಡಲು ಬಾರದ, ಸಾಲ ಕೊಡುವ ಕಂಪನಿಯದೋ ಲಾಕ್ ಮಾಡುವುದೋ ಅನ್ನಿಸುವ ಆ್ಯಪ್ ಕಂಡರೆ ಅಲ್ಲಿಗೇ ನಿಲ್ಲಿಸಿ. ಈ ಫೋನನ್ನು ಸಂಸ್ಥೆಯೊಂದು ನಿರ್ವಹಿಸುತ್ತಿದೆ ಅನ್ನುವ ಅರ್ಥದ ಸಾಲು ಸೆಟ್ಟಿಂಗ್ಸ್‌ನಲ್ಲಿ ಎಲ್ಲೇ ಕಂಡರೂ ಅಷ್ಟೇ. ಅಂಥದ್ದೇ ಐಫೋನ್ ಆಗಿದ್ದರೆ ಸೆಟ್ಟಿಂಗ್ಸ್ ತೆರೆದ ಕೂಡಲೇ ಮೇಲೆಯೇ ಸೂಪರ್‌ವೈಸ್ಡ್ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದು ಆಫೀಸಿನ ಫೋನ್ ಇರಬಹುದು. ಬಿಲ್ಲನ್ನೂ ಸರಿಯಾಗಿ ಓದಿ, ಕಂತಿನ ಮೇಲೆ ತಗೊಂಡಿದ್ದರೆ ಹೆಚ್ಚಾಗಿ ಬಿಲ್ಲಿನಲ್ಲೇ ಫೈನಾನ್ಸ್ ಕಂಪನಿಯ ಹೆಸರು ಇರುತ್ತದೆ. ಹಾಗಿದ್ದರೆ ಸಾಲ ತೀರಿದೆ ಅನ್ನುವ ಎನ್‌ಒಸಿ ಕೇಳಿ. "ಎಲ್ಲಾ ಕಟ್ಟಿದೀನಿ ಅಣ್ಣ" ಅನ್ನುವ ಬಾಯಿಮಾತಿಗೆ ನಾನು ಎಂಟೂವರೆ ಸಾವಿರ ಕೊಟ್ಟಿದ್ದೇನೆ, ನೀವು ಕೊಡಬೇಡಿ.

ಇಷ್ಟಾದ ಮೇಲೆ ಫೋನನ್ನು ನಿಮ್ಮ ಮುಂದೆಯೇ ಖಾಲಿ ಮಾಡಿಸಿ. ಮೊದಲೇ ಖಾಲಿ ಮಾಡಿ ತಂದಿದ್ದೇನೆ ಅಂದರೂ ಇನ್ನೊಂದು ಸಲ ಮಾಡಿಸಿ. ಆಂಡ್ರಾಯ್ಡಿನಲ್ಲಿ ಸೆಟ್ಟಿಂಗ್ಸ್ ಒಳಗೆ ಹೋಗಿ ಮಾರುವವರು ತಮ್ಮ ಗೂಗಲ್ ಅಕೌಂಟ್ ತೆಗೆಯಬೇಕು, ಆಮೇಲೆ ಫ್ಯಾಕ್ಟರಿ ರೀಸೆಟ್. ಐಫೋನಿನಲ್ಲಿ ಆಪಲ್ ಅಕೌಂಟಿನಿಂದ ಸೈನ್ ಔಟ್ ಆಗಬೇಕು. ಆಗ ಕಳೆದ ಐಫೋನ್ ಹುಡುಕುವ ಫೈಂಡ್ ಮೈ ಆಫ್ ಮಾಡಲು ಪಾಸ್‌ವರ್ಡ್ ಕೇಳುತ್ತದೆ. ಇಲ್ಲಿಯೇ ನಿಜ ಹೊರಗೆ ಬರುವುದು. ತನ್ನದೇ ಫೋನ್ ಆದರೆ ಪಾಸ್‌ವರ್ಡ್ ಗೊತ್ತಿರುತ್ತದೆ, ಮರೆತಿದ್ದರೂ ತನ್ನ ನಂಬರಿಗೆ ಓಟಿಪಿ ತರಿಸಿ ಸರಿ ಮಾಡಿಕೊಳ್ಳುತ್ತಾರೆ. "ಅದು ನಮ್ ಭಾವಂದು, ಅವರು ದುಬೈನಲ್ಲಿದಾರೆ" ಅನ್ನುವ ಕಥೆ ಶುರುವಾದರೆ, ಸರಿ, ಭಾವ ಸಿಕ್ಕ ಮೇಲೆ ಬನ್ನಿ ಅಂತ ಹೇಳಿ. 2013ರಿಂದ ಐಫೋನುಗಳಲ್ಲಿ ಆ್ಯಕ್ಟಿವೇಶನ್ ಲಾಕ್ ಇದೆ, 2015ರ ಆಂಡ್ರಾಯ್ಡ್ 5.1ರಿಂದ ಆ ಕಡೆಯೂ ಇಂಥದ್ದೇ ಲಾಕ್ ಬಂದಿದೆ. ಅಕೌಂಟ್ ತೆಗೆಯದೆ ಪಕ್ಕದ ಬಟನ್ ಒತ್ತಿ ಹಿಡಿದು ರಿಕವರಿಯಿಂದ ರೀಸೆಟ್ ಮಾಡಿದರೆ, ಫೋನ್ ಮತ್ತೆ ಶುರುವಾದಾಗ ಹಳೆಯ ಅಕೌಂಟನ್ನೇ ಕೇಳುತ್ತದೆ. ಆಗ ಅದು ಬರೀ ಗಾಜಿನ ಬಿಲ್ಲೆ.

ರೀಸೆಟ್ ಆಗಿ ಬಂದ ಮೇಲೆ ನಿಮ್ಮ ಹಾಟ್‌ಸ್ಪಾಟ್ ಕೊಟ್ಟು, ನಿಮ್ಮ ಅಕೌಂಟ್ ಹಾಕಿ, ಪೂರ್ತಿ ಹೋಮ್ ಸ್ಕ್ರೀನ್ ತನಕ ಹೋಗಿ. ಹಲೋ ಅಂತ ಬಂತು, ಸಾಕು ಅಂತ ನಿಲ್ಲಿಸಬೇಡಿ. ಹಳೆಯ ಅಕೌಂಟ್ ಕೇಳುವುದು, ಸಂಸ್ಥೆಯ ಫೋನ್ ಅನ್ನುವುದು, ಎಲ್ಲವೂ ಇಂಟರ್ನೆಟ್ ಸಿಕ್ಕ ಮೇಲೆಯೇ ಬರುವುದು.

ಫೋನ್ ಹೇಗಿದೆ?

ರೀಸೆಟ್ ಆಗಲು ಐದು ಹತ್ತು ನಿಮಿಷ ಬೇಕು. ಆ ಹೊತ್ತಿನಲ್ಲಿ ಕವರ್ ತೆಗೆದು, ಟೆಂಪರ್ಡ್ ಗ್ಲಾಸ್ ಇದ್ದರೆ ಅದನ್ನೂ ತೆಗೆಸಿ ಬಾಡಿ ನೋಡಿ. ಗ್ಲಾಸ್ ತೆಗೆಯಲು ಹಿಂಜರಿದರೆ ಅದರ ಕೆಳಗೆ ಏನೋ ಇದೆ. ನೂರು ರೂಪಾಯಿಯ ಗ್ಲಾಸ್, ನಾನೇ ಹೊಸದು ಹಾಕಿಸಿಕೊಡುತ್ತೇನೆ ಅನ್ನಿ. ಫೋನನ್ನು ಸಮತಟ್ಟಾದ ಮೇಜಿನ ಮೇಲೆ ಮಲಗಿಸಿ ಮೂಲೆ ಒತ್ತಿ, ತೂಗಾಡುತ್ತಿದೆಯಾ ನೋಡಿ. ಕ್ಯಾಮೆರಾ ಉಬ್ಬಿನಿಂದ ತೂಗಿದರೆ ತೊಂದರೆ ಇಲ್ಲ, ಬೋರಲು ಹಾಕಿದಾಗಲೂ ತೂಗಿದರೆ ಬಾಡಿ ಬಾಗಿದೆ. ಡಿಸ್‌ಪ್ಲೇ ಮತ್ತು ಫ್ರೇಮಿನ ನಡುವೆ ಉಗುರು ಹೋಗುವಷ್ಟು ಸಂದು ಇದ್ದರೆ ಎರಡರಲ್ಲಿ ಒಂದು: ಯಾರೋ ಬಿಚ್ಚಿದ್ದಾರೆ, ಇಲ್ಲ ಬ್ಯಾಟರಿ ಉಬ್ಬಿ ಮೇಲಕ್ಕೆ ಒತ್ತುತ್ತಿದೆ. ಉಬ್ಬಿದ ಬ್ಯಾಟರಿಯ ಫೋನನ್ನು ಪುಕ್ಕಟೆ ಕೊಟ್ಟರೂ ಬೇಡ. ಬೆಂಕಿ ಹತ್ತಬಹುದು, ಇದನ್ನು ದಯವಿಟ್ಟು ಹಗುರವಾಗಿ ತಗೊಳ್ಳಬೇಡಿ.

ಸಿಮ್ ಟ್ರೇ ಹೊರಗೆ ಎಳೆದು ಒಳಗೆ ಟಾರ್ಚ್ ಬಿಡಿ. ಬಹಳಷ್ಟು ಫೋನುಗಳಲ್ಲಿ ಅಲ್ಲಿ ಒಂದು ಸಣ್ಣ ಪಟ್ಟಿ ಇರುತ್ತದೆ, ನೀರು ತಾಗಿದ್ದರೆ ಕೆಂಪಾಗಿರುತ್ತದೆ. ನಮ್ಮ ಮಲೆನಾಡು, ಕರಾವಳಿ ಕಡೆಯವರು ಇದನ್ನು ಮರೆಯದೆ ನೋಡಿ, ಮಳೆಗಾಲದಲ್ಲಿ ಒದ್ದೆಯಾದ ಫೋನುಗಳು ಮಳೆ ಬಿಟ್ಟ ಮೇಲೆ ಮಾರಾಟಕ್ಕೆ ಬರುತ್ತವೆ. ಐಪಿ68 (ನೀರು, ಧೂಳು ತಡೆಯುತ್ತದೆ ಅನ್ನುವ ಗುರುತು) ಇದೆ, ನೀರಿಗೆ ಏನೂ ಆಗಲ್ಲ ಅನ್ನುವ ಮಾತು ಒಮ್ಮೆ ಬಿಚ್ಚಿದ ಫೋನಿಗೆ ನಡೆಯುವುದಿಲ್ಲ. ಒಳಗಿನ ಅಂಟು ಮೊದಲಿನ ಹಾಗೆ ಕೂತಿದೆ ಅಂತ ಯಾರೂ ಹೇಳಲು ಬರುವುದಿಲ್ಲ.

ಡಿಸ್‌ಪ್ಲೇಗೆ ಸಮಯ ಕೊಡಿ, ಯಾಕೆಂದರೆ ಅತಿ ದುಬಾರಿ ಭಾಗ ಅದೇ. ಅಂಗಡಿಯವರು ಕಾಂಬೋ ಅನ್ನುತ್ತಾರಲ್ಲ, ಗಾಜು ಮತ್ತು ಡಿಸ್‌ಪ್ಲೇ ಸೇರಿದ್ದು, ಅದನ್ನು ಒರಿಜಿನಲ್ ಹಾಕಿಸಲು ಹೋದರೆ ಎಷ್ಟೋ ಫೋನುಗಳಿಗೆ ನೀವು ಕೊಟ್ಟ ಸೆಕೆಂಡ್ ಹ್ಯಾಂಡ್ ರೇಟಿನ ಅರ್ಧ ಅಲ್ಲೇ ಹೋಗುತ್ತದೆ. ಹೆಚ್ಚಿನ ಸ್ಯಾಮ್‌ಸಂಗ್ ಫೋನುಗಳಲ್ಲಿ *#0*# ಒತ್ತಿದರೆ ಪರೀಕ್ಷೆಯ ಪುಟ ಬರುತ್ತದೆ, ಶಿಯೋಮಿ ಮತ್ತು ರೆಡ್ಮಿಯಲ್ಲಿ *#*#6484#*#*. ಅದರಲ್ಲಿ ಕೆಂಪು, ಹಸಿರು, ನೀಲಿ ಬಣ್ಣಗಳು ಪೂರ್ತಿ ಪರದೆಗೆ ಬರುತ್ತವೆ. ಸಾಲು, ಚುಕ್ಕೆ, ಕಲೆ ಇದ್ದರೆ ಕಣ್ಣಿಗೆ ಹೊಡೆಯುತ್ತದೆ. ಈ ಪುಟ ಬಾರದ ಫೋನಾದರೆ ಬಿಳಿ ಚಿತ್ರ ಒಂದು, ಬೂದು ಬಣ್ಣದ ಚಿತ್ರ ಒಂದು ತೆರೆದು, ಬೆಳಕು ಜಾಸ್ತಿ ಮಾಡಿ ನೋಡಿ, ಕಡಿಮೆ ಮಾಡಿಯೂ ನೋಡಿ. ಅಮೋಲೆಡ್ ಡಿಸ್‌ಪ್ಲೇಗಳಲ್ಲಿ ಕೀಬೋರ್ಡಿನ ಅಚ್ಚು, ಮೇಲಿನ ಗಡಿಯಾರದ ಅಚ್ಚು ಉಳಿದುಬಿಟ್ಟಿರುತ್ತದೆ, ಬೂದು ಬಣ್ಣದ ಮೇಲೆ ಅದು ಚೆನ್ನಾಗಿ ಕಾಣುತ್ತದೆ. ಹಸಿರು ಗೆರೆ ಒಂದು ಕೂದಲೆಳೆಯಷ್ಟೇ ಇದ್ದರೂ ಬೇಡ, ಇವತ್ತು ಒಂದು, ಮುಂದಿನ ತಿಂಗಳು ಮೂರು. ಟಚ್ ನೋಡಲು ಒಂದು ಆ್ಯಪಿನ ಚಿಹ್ನೆ ಒತ್ತಿ ಹಿಡಿದು ಪರದೆಯ ಮೂಲೆ ಮೂಲೆಗೂ ಎಳೆಯಿರಿ, ನಡುವೆ ಕೈ ತಪ್ಪಿ ಬಿದ್ದರೆ ಆ ಜಾಗದಲ್ಲಿ ಟಚ್ ಸತ್ತಿದೆ. ನಾನು ಕನ್ನಡ ಕೀಬೋರ್ಡ್ ಹಾಕಿ ನಾಲ್ಕು ಸಾಲು ಬರೆದೂ ನೋಡುತ್ತೇನೆ. ಒತ್ತಕ್ಷರ ಬರೆಯುವಾಗ ಬೆರಳು ಕೀಬೋರ್ಡಿನ ಎಲ್ಲಾ ಕಡೆ ಓಡಾಡುತ್ತದೆ, ತಪ್ಪು ಬೇಗ ಸಿಗುತ್ತದೆ.

ಐಫೋನಾದರೆ ಸೆಟ್ಟಿಂಗ್ಸ್, ಜನರಲ್, ಅಬೌಟ್ ಒಳಗೆ ಹೋಗಿ. ಐಫೋನ್ 11 ಮತ್ತು ಆಮೇಲಿನವುಗಳಲ್ಲಿ ಡಿಸ್‌ಪ್ಲೇ ಬದಲಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಅನ್‌ನೋನ್ ಪಾರ್ಟ್ ಅಂತ ಇದ್ದರೆ ಕಾಪಿ ಹಾಕಿದ್ದಾರೆ, ಇಲ್ಲ ಹೊರಗಡೆ ಹಾಕಿಸಿದ್ದಾರೆ. ಅದಕ್ಕೇ ಫೋನ್ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ, ರೇಟು ಮಾತ್ರ ಇಳಿಸಿ ಕೇಳಿ.

ಬ್ಯಾಟರಿ ಬಗ್ಗೆ ಜನ ಬೇಕಾದ್ದಕ್ಕಿಂತ ಜಾಸ್ತಿ ಹೆದರುತ್ತಾರೆ ಅಂತ ನನ್ನ ಅನಿಸಿಕೆ. ಅದು ಸವೆಯುವ ಭಾಗ, ಟಯರ್ ಇದ್ದ ಹಾಗೆ. ಐಫೋನಿನಲ್ಲಿ ಸೆಟ್ಟಿಂಗ್ಸ್, ಬ್ಯಾಟರಿ ಒಳಗೆ ಶೇಕಡಾ ಎಷ್ಟು ಉಳಿದಿದೆ ಅಂತ ತೋರಿಸುತ್ತದೆ. ಐಫೋನ್ 14ರ ತನಕದ ಬ್ಯಾಟರಿಗಳು 500 ಸಲ ಪೂರ್ತಿ ಚಾರ್ಜ್ ಆದಾಗ 80ಕ್ಕೆ ಇಳಿಯುವ ಹಾಗೆ, 15ರಿಂದ ಈಚಿನವು 1000 ಸಲಕ್ಕೆ 80ಕ್ಕೆ ಇಳಿಯುವ ಹಾಗೆ ಮಾಡಿದ್ದೇವೆ ಅಂತ ಆಪಲ್ ಹೇಳುತ್ತದೆ. ಮೂರು ವರ್ಷದ ಹಳೆಯ ಫೋನಿನಲ್ಲಿ 100 ಅಂತ ಇದ್ದರೆ ಖುಷಿ ಪಡುವ ಮೊದಲು ಯಾವಾಗ, ಎಲ್ಲಿ ಬದಲಾಯಿಸಿದಿರಿ ಅಂತ ಕೇಳಿ. 80ರ ಕೆಳಗಿದ್ದರೆ ಹೊಸ ಬ್ಯಾಟರಿಯ ಖರ್ಚನ್ನು ರೇಟಿನಲ್ಲಿ ಕಳೆಯಿರಿ, ಅಷ್ಟೇ. ಸ್ಯಾಮ್‌ಸಂಗಿನಲ್ಲಿ ಮೆಂಬರ್ಸ್ ಆ್ಯಪಿನ ಒಳಗೆ ಬ್ಯಾಟರಿ ಪರೀಕ್ಷೆ ಇದೆ. ಮಿಕ್ಕ ಫೋನುಗಳಿಗೆ ನನ್ನ ಹಳೆಯ ವಿಧಾನ: ಕೂತಾಗ ಎಷ್ಟು ಇತ್ತು ಬರೆದುಕೊಳ್ಳಿ, ಹದಿನೈದು ನಿಮಿಷ ಪೂರ್ತಿ ಬೆಳಕಿನಲ್ಲಿ ವಿಡಿಯೋ ಓಡಿಸಿ, ಮತ್ತೆ ನೋಡಿ. ಐದು ಆರು ಇಳಿದರೆ ಪರವಾಗಿಲ್ಲ, ಹನ್ನೆರಡು ಹದಿನೈದು ಇಳಿದರೆ ಬ್ಯಾಟರಿ ಮುಗಿದಿದೆ. ಆಮೇಲೆ ಚಾರ್ಜಿಗೆ ಹಾಕಿ ಕೇಬಲ್ ಸ್ವಲ್ಪ ಅಲ್ಲಾಡಿಸಿ. ಚಾರ್ಜ್ ಬಂದು ಹೋಗಿ ಮಾಡಿದರೆ ಪೋರ್ಟ್ ಸಡಿಲ ಆಗಿದೆ, ಇಲ್ಲ ಒಳಗೆ ಧೂಳು ತುಂಬಿದೆ.

ಕ್ಯಾಮೆರಾ ನೋಡಲು ಬಿಳಿ ಗೋಡೆಯ ಫೋಟೋ ತೆಗೆಯಿರಿ, ಲೆನ್ಸಿನ ಒಳಗೆ ಕಲೆ ಇದ್ದರೆ ಅದರಲ್ಲಿ ಬೀಳುತ್ತದೆ. ಹತ್ತಿರದ ಲೋಟ, ದೂರದ ಬೋರ್ಡು, ಎರಡಕ್ಕೂ ಫೋಕಸ್ ಆಗುತ್ತಾ ನೋಡಿ. ಅರ್ಧ ನಿಮಿಷದ ವಿಡಿಯೋ ತೆಗೆದು ಮಾತಾಡಿ, ಮೈಕ್ ಗೊತ್ತಾಗುತ್ತದೆ.

ಆಮೇಲೆ ನಿಮ್ಮ ಸಿಮ್ ಹಾಕಿ. ಎರಡೂ ಜಾಗದಲ್ಲಿ, ಒಂದಾದ ಮೇಲೆ ಒಂದು. ಎರಡನೆಯ ಸಿಮ್ ಜಾಗ ಕೆಟ್ಟಿದೆ ಅಂತ ಮನೆಗೆ ಬಂದ ಮೇಲೆ ಗೊತ್ತಾದವರು ಎಷ್ಟೋ ಜನ. ಮನೆಗೆ ಒಂದು ಕಾಲ್ ಮಾಡಿ, ಎರಡು ನಿಮಿಷ ಮಾತಾಡಿ, ಕಿವಿಗಿಟ್ಟಾಗ ಪರದೆ ಆರುತ್ತಾ, ತೆಗೆದಾಗ ಹತ್ತುತ್ತಾ ನೋಡಿ. ಒಂದು ಎಸ್‌ಎಂಎಸ್ ಕಳಿಸಿಯೂ ನೋಡಿ, ಯಾಕೆಂದರೆ ಯುಪಿಐ ಆ್ಯಪ್ ಶುರು ಮಾಡುವಾಗ ನಿಮ್ಮ ಸಿಮ್ಮಿನಿಂದ ಮೆಸೇಜ್ ಹೋಗಬೇಕು, ಹೋಗದಿದ್ದರೆ ಫೋನ್‌ಪೇ, ಗೂಗಲ್ ಪೇ ಯಾವುದೂ ನಡೆಯುವುದಿಲ್ಲ. ಜಿಯೋದಲ್ಲಿ 2ಜಿ, 3ಜಿ ಇಲ್ಲವೇ ಇಲ್ಲ, ಹಾಗಾಗಿ ಫೋನಿನಲ್ಲಿ ವೋಲ್ಟಿ (4ಜಿ ಮೇಲೆ ಕಾಲ್ ಮಾಡುವ ವ್ಯವಸ್ಥೆ) ಸರಿಯಾಗಿ ನಡೆಯದಿದ್ದರೆ ಆ ಸಿಮ್ಮಿನಲ್ಲಿ ಕಾಲ್ ಹೋಗುವುದೇ ಇಲ್ಲ. ಜಿಯೋದ 5ಜಿ ಸ್ಟ್ಯಾಂಡ್‌ಅಲೋನ್ ಅನ್ನುವ ಬಗೆಯದು, ಅಂದರೆ 4ಜಿ ನೆರವಿಲ್ಲದೆ ತಾನೇ ನಡೆಯುವುದು. ನಮ್ಮಲ್ಲಿ 5ಜಿ ಶುರುವಾದದ್ದೇ 2022ರ ಅಕ್ಟೋಬರಿನಲ್ಲಿ, ಅದಕ್ಕಿಂತ ಮುಂಚಿನ ಕೆಲವು ಫೋನುಗಳ ಡಬ್ಬದ ಮೇಲೆ 5ಜಿ ಅಂತ ಇದ್ದರೂ ಜಿಯೋ 5ಜಿ ಬರುವುದಿಲ್ಲ. ಹೊರದೇಶದಿಂದ ನೆಂಟರು ತಂದ ಫೋನಾದರೆ ಇನ್ನೊಂದು ಮಾತು: ಅಮೆರಿಕದಲ್ಲಿ ಮಾರುವ ಐಫೋನುಗಳಲ್ಲಿ 14ರಿಂದ ಈಚೆಗೆ ಸಿಮ್ ಹಾಕುವ ಜಾಗವೇ ಇಲ್ಲ, ಕಾರ್ಡ್ ಇಲ್ಲದೆ ಫೋನಿನ ಒಳಗೇ ಇರುವ ಇ-ಸಿಮ್ ಮಾತ್ರ. ಊರಿನಲ್ಲಿರುವ ಅಪ್ಪ ಅಮ್ಮನಿಗೆ ಅಂಥದ್ದು ಕೊಡಿಸಬೇಡಿ. ಫೋನ್ ಬದಲಾಯಿಸುವಾಗ ಅವರಿಗೆ ಸಿಮ್ ತೆಗೆದು ಹಾಕುವಷ್ಟು ಸುಲಭ ಅದಲ್ಲ.

ಕೊನೆಯದಾಗಿ ಸ್ಟೋರೇಜ್ ಮತ್ತು ಸಾಫ್ಟ್‌ವೇರ್. 8 ಪ್ಲಸ್ 8, ಹದಿನಾರು ಜಿಬಿ ರ್‍ಯಾಮ್ ಅಂತ ಹೇಳಿದರೆ ಅದರಲ್ಲಿ ನಿಜವಾದದ್ದು ಮೊದಲಿನ ಎಂಟೇ, ಮಿಕ್ಕಿದ್ದು ಸ್ಟೋರೇಜಿನಿಂದ ಕಡ ತಂದದ್ದು. ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಒಳಗೆ ಹೋಗಿ, ಡಿವೈಸ್ ಸರ್ಟಿಫೈಡ್ ಅಂತ ಇದೆಯಾ ನೋಡಿ. ಇಲ್ಲದಿದ್ದರೆ ಯಾರೋ ರೂಟ್ ಮಾಡಿಯೋ (ಕಂಪನಿ ಹಾಕಿದ ಒಳಗಿನ ಬೀಗ ತೆಗೆದು) ಬೇರೆ ಸಾಫ್ಟ್‌ವೇರ್ ಹಾಕಿಯೋ ಇಟ್ಟಿದ್ದಾರೆ, ಬ್ಯಾಂಕ್ ಆ್ಯಪ್‌ಗಳು ಕೈಕೊಡುತ್ತವೆ. ಅಪ್‌ಡೇಟ್ ಎಲ್ಲಿಯ ತನಕ ಬರುತ್ತದೆ ಅನ್ನುವುದು ನನಗೆ ಕ್ಯಾಮೆರಾದ ಮೆಗಾಪಿಕ್ಸೆಲ್‌ಗಿಂತ ಮುಖ್ಯ. 2023ರ ಪಿಕ್ಸೆಲ್ 8, 2024ರ ಗ್ಯಾಲಕ್ಸಿ ಎಸ್24 ಇವುಗಳಿಗೆ ಏಳು ವರ್ಷ ಅಂತ ಕಂಪನಿಗಳು ಹೇಳಿವೆ, ಕಡಿಮೆ ರೇಟಿನ ಫೋನುಗಳಿಗೆ ಅಷ್ಟು ಇರುವುದಿಲ್ಲ. ಈ ವರ್ಷಗಳ ಲೆಕ್ಕ ಫೋನ್ ಮಾರುಕಟ್ಟೆಗೆ ಬಂದ ದಿನದಿಂದ ಶುರು, ನೀವು ತಗೊಂಡ ದಿನದಿಂದ ಅಲ್ಲ. ನಾಲ್ಕು ವರ್ಷ ಅಪ್‌ಡೇಟ್ ಇರುವ ಫೋನನ್ನು ಮೂರು ವರ್ಷ ಆದ ಮೇಲೆ ತಗೊಂಡರೆ ನಿಮಗೆ ಉಳಿದದ್ದು ಒಂದೇ ವರ್ಷ.

ದುಡ್ಡು

ಫೋನ್ ನೋಡುವ ಮುಂಚೆ ಅಡ್ವಾನ್ಸ್ ಅಂತ ಒಂದು ರೂಪಾಯಿಯೂ ಕಳಿಸಬೇಡಿ. ನಾನು ಮಿಲಿಟರಿಯಲ್ಲಿದ್ದೇನೆ, ಟ್ರಾನ್ಸ್‌ಫರ್ ಆಗಿದೆ, ಕೊರಿಯರ್‌ನಲ್ಲಿ ಕಳಿಸುತ್ತೇನೆ ಅನ್ನುವವರು ಹಾಕುವ ಐಡಿ ಕಾರ್ಡಿನ ಫೋಟೋ ನಂಬಬೇಡಿ, ಅದು ಬೇರೆ ಯಾರದ್ದೋ ಆಗಿರುತ್ತದೆ. ನೀವು ಮಾರುವವರಾದರೆ ಇನ್ನೊಂದು ಬಗೆಯ ಮೋಸ ಇದೆ. "ದುಡ್ಡು ಹಾಕ್ತೀನಿ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಅನ್ನುತ್ತಾರೆ. ದುಡ್ಡು ಬರುವುದಕ್ಕೆ ಪಿನ್ ಬೇಕಾಗಿಯೇ ಇಲ್ಲ. ಪಿನ್ ಹಾಕಿದರೆ ನಿಮ್ಮ ದುಡ್ಡೇ ಹೋಗುವುದು. ಹಾಗೇನಾದರೂ ಆಗಿಬಿಟ್ಟರೆ ಬ್ಯಾಂಕಿನ ಬಾಗಿಲು ತೆರೆಯಲಿ ಅಂತ ಕಾಯಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ದುಡ್ಡನ್ನು ನಡುವೆ ತಡೆದು ನಿಲ್ಲಿಸುವ ಅವಕಾಶ ಜಾಸ್ತಿ.

ಕೊಡುವಾಗ ಕ್ಯಾಶ್ ಬೇಡ, ಯುಪಿಐನಲ್ಲೇ ಕೊಡಿ. ಯಾರಿಗೆ, ಯಾವತ್ತು, ಎಷ್ಟು ಕೊಟ್ಟಿರಿ ಅನ್ನುವುದು ಉಳಿಯುತ್ತದೆ. ಒಂದು ಬಿಳಿ ಹಾಳೆಯಲ್ಲಿ ಫೋನಿನ ಹೆಸರು, ಎರಡೂ ಐಎಂಇಐ, ರೇಟು, ತಾರೀಕು ಬರೆದು ಇಬ್ಬರೂ ಸಹಿ ಹಾಕಿ, ಮಾರುವವರ ಗುರುತಿನ ಚೀಟಿಯ ಒಂದು ಪ್ರತಿ ಇಟ್ಟುಕೊಳ್ಳಿ. ಆಧಾರ್ ಕೊಡಲು ಇಷ್ಟವಿಲ್ಲ ಅಂದರೆ ಅದು ಅವರ ಹಕ್ಕು, ಡ್ರೈವಿಂಗ್ ಲೈಸೆನ್ಸ್ ಆದರೂ ನಡೆಯುತ್ತದೆ. ಯಾವುದೂ ಕೊಡಲ್ಲ ಅಂದರೆ ವ್ಯವಹಾರ ಬೇಡ. ಅಂಗಡಿಯಲ್ಲಾದರೆ ಐಎಂಇಐ ಬರೆದ ಬಿಲ್, ಎಷ್ಟು ದಿನದ ಗ್ಯಾರಂಟಿ ಅನ್ನುವುದು ಬಿಲ್ಲಿನ ಮೇಲೆಯೇ ಬರಹದಲ್ಲಿ.

ಮನೆಗೆ ಬಂದ ಮೇಲೆ

ಮೊದಲ ರಾತ್ರಿ ಫೋನನ್ನು ಪೂರ್ತಿ ಚಾರ್ಜ್ ಮಾಡಿ, ಪ್ಲಗ್ ತೆಗೆದು ಪಕ್ಕಕ್ಕಿಡಿ. ಬೆಳಗ್ಗೆ ನಾಲ್ಕೈದಕ್ಕಿಂತ ಜಾಸ್ತಿ ಇಳಿದಿದ್ದರೆ ಒಳಗೆ ಏನೋ ಸರಿ ಇಲ್ಲ. ಗ್ಯಾರಂಟಿ ದಿನಗಳು ಮುಗಿಯುವುದರೊಳಗೆ ಎಲ್ಲವನ್ನೂ ಜೋರಾಗಿಯೇ ಬಳಸಿ. ಅರ್ಧ ಗಂಟೆ ವಿಡಿಯೋ ಕಾಲ್, ಬಸ್ಸಿನಲ್ಲಿ ಹೋಗುವಾಗ ಮ್ಯಾಪ್, ಬಿಸಿಲಲ್ಲಿ ಕ್ಯಾಮೆರಾ. ಜೋಪಾನ ಮಾಡುವುದು ಆಮೇಲೆ ಇದ್ದೇ ಇದೆ.

ನಿಮ್ಮ ಹಳೆಯ ಫೋನನ್ನು ಯಾರಿಗಾದರೂ ಕೊಡುವುದಾದರೆ, ಮೇಲೆ ಬರೆದದ್ದನ್ನೇ ಈಗ ನೀವು ಮಾಡಬೇಕು. ವಾಟ್ಸಾಪ್ ಬ್ಯಾಕಪ್ ಹೊಸ ಫೋನಿಗೆ ಪೂರ್ತಿ ಬಂತಾ ನೋಡಿ, ಅಮ್ಮನ ವಾಯ್ಸ್ ಮೆಸೇಜುಗಳು ಹೋದವು ಅಂತ ಅತ್ತವರನ್ನು ನಾನು ಕಂಡಿದ್ದೇನೆ. ಇ-ಸಿಮ್ ಇದ್ದರೆ ಮೊದಲು ಹೊಸ ಫೋನಿಗೆ ತಗೊಳ್ಳಿ. ಆಮೇಲೆ ಅಕೌಂಟ್ ತೆಗೆದು ರೀಸೆಟ್ ಮಾಡಿ. ಮೆಮೊರಿ ಕಾರ್ಡ್ ಒಳಗೇ ಉಳಿದಿರುತ್ತದೆ, ಟ್ರೇ ತೆಗೆದು ನೋಡಿ.

ಹೊಸದಾಗಿ ತಗೊಂಡ ಫೋನಿನ ಐಎಂಇಐ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಮನೆಯಲ್ಲಿಡಿ. ಫೋನಿನ ಒಳಗೆ ಬರೆದಿಟ್ಟರೆ ಫೋನ್ ಕಳೆದ ದಿನ ಅದೂ ಹೋಗಿರುತ್ತದೆ, ದೂರು ಕೊಡಲು, ಬ್ಲಾಕ್ ಮಾಡಿಸಲು ಆ ನಂಬರೇ ಬೇಕು. ನಮ್ಮ ಮನೆಯಲ್ಲಿ ಎಲ್ಲರ ಫೋನಿನ ನಂಬರ್ ಬರೆದ ಚೀಟಿ ಗ್ಯಾಸ್ ಪುಸ್ತಕದ ಒಳಗೆ ಇದೆ. ಬರೆದಿಟ್ಟವಳು ತಂಗಿ.